ಹಳೇ ಗಾಯ ಯಾಕೆ ಕೆದಕ್ತೀರಿ ಅನ್ನೋರಿಗೆ | ಭಾಗ 3

ಮೊದಲ ಫೋಟೋದಲ್ಲಿರೋದು ಉಪ್ಪಿನಕಾಯಿ ಜಾಡಿ ಅಲ್ಲ, ಜೂಮ್ ಮಾಡಿ ನೋಡಿ. ಗಾಜಿನ ಜಾಡಿಗಳ ಒಳಗೆ ಮಣ್ಣು. ಕೆಲವು ಕೆಂಪು, ಕೆಲವು ಕಪ್ಪು, ಕೆಲವು ಮರಳಿನ ಬಣ್ಣ. ಪ್ರತಿಯೊಂದರ ಮೇಲೂ ಒಂದು ಹೆಸರು, ಒಂದು ಊರು, ಒಂದು ತಾರೀಖು. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ಲೆಗಸಿ ಮ್ಯೂಸಿಯಂ ಅಂತಿದೆ, ಅಲ್ಲಿಯದು. ಬಿಳಿಯರ ಗುಂಪುಗಳು ಕಪ್ಪು ಜನರನ್ನು ಎಳೆದು ತಂದು ಕೊಂದ ಜಾಗಗಳ ಮಣ್ಣು ಅದು.

ವಿಚಾರಣೆ ಇಲ್ಲ, ತೀರ್ಪಿಲ್ಲ, ಗುಂಪು ಸೇರಿ ಕೊಲ್ಲೋದು. ಅದಕ್ಕೇ ಲಿಂಚಿಂಗ್ ಅನ್ನೋದು. 1940ರಲ್ಲಿ ಅದೇ ರಾಜ್ಯದ ಲುವರ್ನ್ ಎಂಬ ಊರಲ್ಲಿ ಜೆಸ್ಸಿ ಥಾರ್ನ್‌ಟನ್ ಅನ್ನೋರನ್ನು ಕೊಂದರು. ಕಾರಣ ಏನು ಗೊತ್ತಾ? ಪೊಲೀಸಿನವನನ್ನು 'ಮಿಸ್ಟರ್' ಅಂತ ಸೇರಿಸಿ ಕರೀಲಿಲ್ಲ. ಅಷ್ಟೇ.

ವಕೀಲ ಬ್ರಯಾನ್ ಸ್ಟೀವನ್ಸನ್ 1989ರಲ್ಲಿ ಕಟ್ಟಿದ ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್ ಈ ಸಾವುಗಳ ಲೆಕ್ಕ ಹಾಕಿತು. 1877ರಿಂದ 1950ರವರೆಗೆ 4,400ಕ್ಕೂ ಹೆಚ್ಚು. ಆಮೇಲೆ ಮನೆಯವರು, ಊರವರು, ಕಪ್ಪು ಬಿಳಿ ಎನ್ನದೆ ಬಂದವರೆಲ್ಲ ಆಯಾ ಜಾಗಕ್ಕೆ ಹೋಗಿ ಮಣ್ಣು ಅಗೆದು ಜಾಡಿಗೆ ತುಂಬಿದರು. ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸೋದು ಇದೇ. ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗೋದು ಸುಲಭ. ಮಂಡಿಯೂರಿ ಮಣ್ಣು ಅಗೆಯುವಾಗ 'ನಮ್ಮೂರಲ್ಲಿ ಅಂಥದ್ದೇನೂ ನಡೆದಿಲ್ಲ' ಅಂತ ಹೇಳೋಕೆ ಬಾಯಿ ಬರಲ್ಲ.

ಸ್ವೈಪ್ ಮಾಡಿ. 2018ರಲ್ಲಿ ತೆರೆದ ಸ್ಮಾರಕ ಇದು. ಒಂದೊಂದು ಕೌಂಟಿಗೆ (ನಮ್ಮ ಜಿಲ್ಲೆ ಥರ) ಒಂದು ಉಕ್ಕಿನ ಕಂಬ, ಒಟ್ಟು 800ಕ್ಕೂ ಹೆಚ್ಚು. ಶುರುವಿನಲ್ಲಿ ಕಂಬಗಳು ನಿಮ್ಮ ಎದುರಿಗೇ ಇರುತ್ತವೆ. ನೆಲ ಇಳಿಜಾರಾಗ್ತಾ ಹೋದಂತೆ ಅವು ನಿಮ್ಮ ತಲೆ ಮೇಲೆ ನೇತಾಡ್ತಾ ಇರುತ್ತವೆ. ಹೊರಗೆ ಅದೇ ಅಳತೆಯ ಇನ್ನೊಂದು ಜೊತೆ ಕಂಬಗಳನ್ನು ಮಲಗಿಸಿಟ್ಟರು. ನಿಮ್ಮ ಕಂಬ ನೀವು ಬಂದು ಒಯ್ಯಿರಿ, ನಿಮ್ಮೂರಲ್ಲಿ ನಿಲ್ಲಿಸಿ ಅನ್ನೋದು ಕರೆ. ಬಿಕಾಂ ಓದೋಳಿಗೆ ಇದು ಬಾಕಿ ಪಟ್ಟಿ ಥರಾನೇ ಕಾಣುತ್ತೆ. ಯಾರು ಬಂದಿಲ್ಲ ಅನ್ನೋದೂ ಎಲ್ಲರ ಕಣ್ಣಿಗೆ ಬೀಳುತ್ತೆ!

ನೊಂದವರಿಗೇ 'ಮರೆತುಬಿಡಿ, ವಾಸಿ ಮಾಡ್ಕೊಳ್ಳಿ' ಅಂತ ಹೇಳೋದು ನಮಗೆಲ್ಲ ಅಭ್ಯಾಸ. ಆದ್ರೆ ಗಾಯ ಒಣಗದೇ ಇರೋದು ಅವರು ನೆನಪಿಟ್ಟುಕೊಂಡಿದ್ದಕ್ಕಲ್ಲ. ಕೊಂದ ಊರು ಬಾಯಿ ಬಿಡದೇ ಇದ್ದದ್ದಕ್ಕೆ.

ಮೂರನೇ ಫೋಟೋದ ಶಿಲ್ಪ ಘಾನಾದ ಕಲಾವಿದ ಕ್ವಾಮೆ ಅಕೋಟೊ-ಬಾಂಫೊ ಅವರದು. ಸಂಕೋಲೆ ಬಿಗಿದ ಗಂಡಸರು, ಹೆಂಗಸರು. ಒಬ್ಬಳ ಕೈಯಲ್ಲಿ ಕೂಸು. ಅವರ ಕಡೆ ಅಕಾನ್ ಜನರಲ್ಲಿ ತೀರಿಹೋದವರ ತಲೆಯ ರೂಪವನ್ನು ಮಣ್ಣಲ್ಲಿ ಮಾಡೋ ಹಳೇ ಪದ್ಧತಿ ಇದೆ. ಅದರ ಜಾಡು ಹಿಡಿದು ಅವರು ಗುಲಾಮರಾಗಿ ಹೋದವರ ಮುಖಗಳನ್ನು ಮಾಡ್ತಾ ಬಂದಿದ್ದಾರೆ. ಯಾವ ತೀರದಿಂದ ಜನರನ್ನು ಹಡಗಿಗೆ ತುಂಬಿದರೋ ಅಲ್ಲಿಯವರೇ ಬಂದು ಈ ತೀರದಲ್ಲಿ ನೆನಪು ನಿಲ್ಲಿಸಿದ್ದು. ಸಾಂಸ್ಕೃತಿಕ ವಿನಿಮಯ ಅಂದ್ರೆ ಫೆಸ್ಟ್‌ನಲ್ಲಿ ಡ್ಯಾನ್ಸ್ ಐಟಂ ಅಂದ್ಕೊಂಡವರು ಈ ಫೋಟೋನ ಇನ್ನೊಂದ್ಸಲ ನೋಡಿ.

ಕಲೆಯಿಂದಲೇ ಎಲ್ಲಾ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಲಿಂಚಿಂಗ್ ವಿರುದ್ಧದ ಮಸೂದೆ ಅಮೆರಿಕದ ಸಂಸತ್ತಿಗೆ ಮೊದಲು ಬಂದದ್ದು 1900ರಲ್ಲಿ. ಕಾನೂನಾಗಿದ್ದು 2022ರಲ್ಲಿ. ಭಯಕ್ಕೆ ಊರು ಬಿಟ್ಟು ಓಡಿದವರ ಹೊಲ ಮನೆ ಯಾವ ಜಾಡಿಯಿಂದಲೂ ವಾಪಸ್ ಬರಲ್ಲ.

ಕೊಲೆಯ ಫೋಟೋ ಯಾಕೆ ಹಾಕಿಲ್ಲ ಅಂತ ಕಳೆದ ಭಾಗಕ್ಕೆ ಇಬ್ಬರು ಮೆಸೇಜ್ ಮಾಡಿದ್ರಿ. ಆಗ ಆ ಗುಂಪುಗಳೇ ಶವದ ಪಕ್ಕ ನಗ್ತಾ ನಿಂತು ಫೋಟೋ ತೆಗೆಸಿಕೊಂಡು, ಪೋಸ್ಟ್‌ಕಾರ್ಡ್ ಮಾಡಿಸಿ ನೆಂಟರಿಗೆ ಕಳಿಸ್ತಿದ್ದರು. ಅದನ್ನೇ ನಾನು ಇಲ್ಲಿ ಹಾಕಿದ್ರೆ, ನೀವು ಶೇರ್ ಮಾಡಿದ್ರೆ, ಆ ಪೋಸ್ಟ್‌ಕಾರ್ಡ್ ಇನ್ನೂ ಓಡಾಡ್ತಿದೆ ಅಂತಾನೇ ಅರ್ಥ. ಅದಕ್ಕೇ ಜಾಡಿ.

ಅಟ್ಲಾಂಟಾದಲ್ಲಿರೋ ಕನ್ನಡದವರೇ, ನಿಮಗೆ ಮಾಂಟ್ಗೊಮರಿ ಕಾರಲ್ಲಿ ಎರಡೂವರೆ ಗಂಟೆ ದಾರಿ. ಹೋದ್ರೆ ಒಂದು ಕಂಬದ ಮೇಲಿನ ಹೆಸರುಗಳನ್ನು ಪೂರ್ತಿ ಓದಿ. ಯಾವ ಕೌಂಟಿ ಅಂತ ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗ ಪತ್ರಕರ್ತೆ ಐಡಾ ಬಿ. ವೆಲ್ಸ್ ಬಗ್ಗೆ.