ಕುಕ್ಕರಿನ ರಬ್ಬರ ಹ್ವಾದ್ರ ಕುಕ್ಕರ ಒಗೀತೀರೇನ್ರಿ?

ಅಕ್ಕಗೋಳ, ತಂಗಿಗೋಳ, ಹೋದ ಸಲ ಕೆಂಪ ಖಾರ ಹುಳ ಬೀಳಧಂಗ ಹೆಂಗ ಇಡೂದು ಅಂತ ಬರದಿದ್ದೆ. ಈ ಸಲ ಸಿಟ್ಟಿನ್ಯಾಗ ಬರ್ಯಾಕತ್ತೇನಿ. ವಿಷಯ ಕಾರಿನ ಗೇರ್‌ಬಾಕ್ಸಿಂದು. "ಇದು ಗಂಡಸರ ಮಾತು" ಅಂತ ಬಿಟ್ಟು ಹೋಗಬ್ಯಾಡ್ರಿ. ಹಂಗ ಬಿಟ್ಟದ್ದಕ್ಕ ನಮ್ಮ ರೊಕ್ಕ ಹೊಕ್ಕೈತಿ.

ನಾ ಕಾರ ಕಲ್ತದ್ದು ನನ್ನ ಐವತ್ತೊಂದನೇ ವರ್ಷಕ್ಕ. ಎಡಗಾಲ ಮಂಡಿ ನೋವು, ಕ್ಲಚ್ ತುಳ್ಯಾಕ ಆಗೂದಿಲ್ಲ, ಅದಕ್ಕ ಆಟೊಮ್ಯಾಟಿಕ್ ಗಾಡಿ. ವಾರದಾಗ ಎರಡು ಸಲ ನಮ್ಮ ಅತ್ತಿನ್ನ ಧಾರವಾಡದಿಂದ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಕರ್ಕೊಂಡು ಹೋಗಾಕಿ ನಾನ. ಹೋಗುವಾಗ ಹೆಂಗರ ಬಸ್ಸಿನ್ಯಾಗ ಹೋಗಬಹುದು. ಬರುವಾಗ ಅವರು ಹಿಂಡಿದ ಅರಬಿ ಆಗಿರ್ತಾರ, ನಿಂದ್ರಾಕೂ ಶಕ್ತಿ ಇರೂದಿಲ್ಲ. ಹಿಂಗಾಗಿ ಈ ಗಾಡಿ ನಮ್ಮನ್ಯಾಗ ಶೋಕಿಗೆ ಇಟ್ಟದ್ದಲ್ಲ.

ಒಂದಿನ ನವಲೂರ ಸೇತುವಿ ಹತ್ತುವಾಗ ಎಂಜಿನ್ ಒದರಾಕತ್ತು, ಗಾಡಿ ಮುಂದ ಹೋಗವಲ್ದು. ಸುಟ್ಟ ವಾಸನಿ ಬಂತು. ಹಿಂದ ಬಸ್ಸಿನವ ಹಾರ್ನ್ ಹೊಡ್ಯಾಕತ್ತಿದ್ದ, ಹಿಂದಿನ ಸೀಟಿನ್ಯಾಗ ಅತ್ತಿ ಕಣ್ಣ ಮುಚ್ಚಿದ್ರು. ನನಗ ಕೈಕಾಲ ಥಂಡ ಹೊಡದ್ವು.

ವರ್ಕ್‌ಶಾಪಿನ್ಯಾಗ ಒಬ್ಬ ಹುಡುಗ ಕಂಪ್ಯೂಟರ್ ಹಚ್ಚಿ ಹತ್ತು ನಿಮಿಷದಾಗ ತೀರ್ಪು ಕೊಟ್ಟ: "ಪೂರಾ ಗೇರ್‌ಬಾಕ್ಸ್ ಬದಲಿ ಮೇಡಮ್, ಒಂದು ಲಕ್ಷ ನಲವತ್ತು ಸಾವಿರ." ಒಳಗ ಏನ ಕೆಟ್ಟೈತಿ ಅಂತ ಕೇಳಿದೆ. "ಅದು ಟೆಕ್ನಿಕಲ್ ಮೇಡಮ್, ಸಾಹೇಬ್ರಿಗೆ ಫೋನ್ ಕೊಡ್ರಿ" ಅಂದ. ಗಾಡಿ ಓಡಸಾಕಿ ನಾನು, ವಾಸನಿ ಬಂದದ್ದು ನನ್ನ ಮೂಗಿಗೆ, ಆದ್ರ ಉತ್ತರ ಸಾಹೇಬ್ರಿಗೆ! ಸಾಹೇಬ್ರು ಆ ಗಾಡಿ ಸ್ಟೇರಿಂಗ್ ಹಿಡದು ಆರು ತಿಂಗಳ ಆಗಿತ್ತು.

ಮನ್ಯಾಗ ಮಗ ಫೋನಿನ್ಯಾಗ, "ಎಂಟ ವರ್ಷದ ಗಾಡಿ, ಮಾರಿ ಬಿಡವ್ವಾ" ಅಂದ. ಮನಿಯವ್ರು, "ಆಟೊಮ್ಯಾಟಿಕ್ ಅಂದ್ರ ಹಿಂಗ, ನಾ ಮೊದ್ಲ ಹೇಳಿದ್ದೆ" ಅಂದ್ರು. ಒಬ್ಬರೂ "ಏನ ಕೆಟ್ಟೈತಿ" ಅಂತ ಕೇಳಲಿಲ್ಲ.

ಈಗ ನಾ ನಿಮ್ಮನ್ನ ಕೇಳ್ತೇನಿ. ಕುಕ್ಕರ ಸೀಟಿ ಹೊಡೀದಿದ್ರ ನೀವು ಕುಕ್ಕರ ಒಗೀತೀರೋ, ರಬ್ಬರ ನೋಡ್ತೀರೋ? ಮಿಕ್ಸರ್ ಮೋಟರ್ ತಿರಗಾಕತ್ತೈತಿ, ಜಾರ್ ತಿರಗವಲ್ದು ಅಂದ್ರ ಕಪ್ಲರ್ ಸವದೈತಿ ಅಂತ ನಮಗ ಗೊತ್ತಾಗ್ತೈತಿ. ಎಂಜಿನ್ ಒದರತೈತಿ, ಗಾಡಿ ಹೋಗವಲ್ದು ಅಂದ್ರೂ ಲೆಕ್ಕ ಅದ. ತಿರುಗೂದಕ್ಕೂ ತಿರಗಸೂದಕ್ಕೂ ನಡುವ ಏನೋ ಜಾರಾಕತ್ತೈತಿ.

ಆಟೊಮ್ಯಾಟಿಕ್ ಅಂದ್ರ ಎಲ್ಲಾ ಒಂದ ಅಲ್ಲ. ನಮ್ಮ ಸಣ್ಣ ಗಾಡ್ಯಾಗ ಇರೂದು ಎಎಂಟಿ. ಒಳಗ ಇರೂದು ಮಾಮೂಲಿ ಕೈ ಗೇರಿನ ಡಬ್ಬಿ, ಮಾಮೂಲಿ ಕ್ಲಚ್ ಪ್ಲೇಟು. ಕಾಲಿನ ಬದಲಿ ಕ್ಲಚ್ ಒತ್ತಾಕ, ಕೈ ಬದಲಿ ಗೇರ್ ಹಾಕಾಕ ಆಕ್ಚುಯೇಟರ್ ಅಂತ ಒಂದು ಯಂತ್ರ ಇರ್ತೈತಿ, ಅಷ್ಟ. ಪ್ಲೇಟ್ ಸವೀತೈತಿ, ಚಪ್ಪಲಿ ಸವದಂಗ. ಸಿವಿಟಿ ಅಂದ್ರ ಬ್ಯಾರೆ, ಎರಡು ಪುಲ್ಲಿ ನಡುವ ಉಕ್ಕಿನ ಬೆಲ್ಟು. ಡಿಸಿಟಿ ಅಂದ್ರ ಎರಡು ಕ್ಲಚ್, ಒಂದು ಬೆಸ ಗೇರಿಗೆ, ಒಂದು ಸಮ ಗೇರಿಗೆ. ಟಾರ್ಕ್ ಕನ್ವರ್ಟರ್ ಅಂದ್ರ ಎಣ್ಣಿ ಮ್ಯಾಲೆ ನಡಿಯೂದು. ಯಾವ ಜಾತಿ ಅಂತ ಹೇಳದ "ಆಟೊಮ್ಯಾಟಿಕ್ ಹೋಗೈತಿ" ಅನ್ನಾಂವ, ಎಲ್ಲಿ ನೋವು ಅಂತ ಕೇಳದ "ಹೊಟ್ಟಿ ಹೋಗೈತಿ" ಅನ್ನೋ ಡಾಕ್ಟರ ಇದ್ದಂಗ.

ಆ ಹುಡುಗ ಕೊಟ್ಟ ಚೀಟಿ ಮ್ಯಾಲೆ ಇದ್ದದ್ದು ಪಿ 0700 ಅನ್ನೋ ಒಂದ ಕೋಡು. ಆಮ್ಯಾಲೆ ತಿಳ್ಕೊಂಡೆ, ಅದರರ್ಥ "ಗೇರಿನ ಕಂಪ್ಯೂಟರ್‌ದಾಗ ಏನೋ ದೋಷ ದಾಖಲಾಗೈತಿ, ಅಲ್ಲಿ ನೋಡ್ರಿ" ಅಂತ ಅಷ್ಟ. ಬಾಗಿಲ ಬಡದ ಸಪ್ಪಳ ಅದು. ಬಂದಾಂವ ಯಾರು ಅಂತ ನೋಡದ ಒಂದು ಲಕ್ಷ ನಲವತ್ತು ಸಾವಿರದ ಅಂದಾಜು!

ಗಾಡಿ ಎಳಿಸಿಕೊಂಡು ಇನ್ನೊಬ್ಬ ಮಿಸ್ತ್ರಿ ಕಡೆ ಒಯ್ದೆ. ವಯಸ್ಸಾದಾಂವ. "ಬಿಚ್ಚದ ರೇಟ್ ಹೇಳೂದಿಲ್ಲವ್ವಾ" ಅಂದ ಮಾತಿಗೇ ನಂಬಿಕಿ ಬಂತು. ಮೊದಲ ಬ್ಯಾಟರಿ ನೋಡಿದ, ಅಶಕ್ತ ಇತ್ತು. ಎಎಂಟಿಗೆ ಬ್ಯಾಟರಿ ಸಾಲದಿದ್ರೂ ಗೇರ್ ಹಟ ಮಾಡ್ತಾವಂತ. ಆಮ್ಯಾಲೆ ಬಿಚ್ಚಿ, ನನ್ನ ಕರದು ತೋರ್ಸಿದ. ಪ್ಲೇಟ್ ರಿವೆಟ್ ತನಕ ಸವದಿತ್ತು. ಗೇರಿನ ಹಲ್ಲು, ಆಕ್ಚುಯೇಟರ್ ಎಲ್ಲಾ ಚಲೋ ಇದ್ವು. ಹೊಸಾ ಕ್ಲಚ್ ಸೆಟ್, ಬ್ಯಾಟರಿ, ಕೂಲಿ, ಕಡೀಕ ಕಂಪ್ಯೂಟರಿಗೆ ಹೊಸಾ ಕ್ಲಚ್ಚಿನ ಅಳತಿ ಕಲಿಸೂದು, ಎಲ್ಲಾ ಸೇರಿ 27,600 ರೂಪಾಯಿ. ಉಳಿದ ಲಕ್ಷದ ಮ್ಯಾಲಿನ ರೊಕ್ಕ ಯಾರಪ್ಪಂದು?

ತಪ್ಪು ನಂದೂ ಇತ್ತು, ಮುಚ್ಚಿ ಇಡೂದಿಲ್ಲ. ಏರಿನ್ಯಾಗ ಬ್ರೇಕ್ ಬಿಟ್ಟು, ಎಕ್ಸಲೇಟರ್ ಸ್ವಲ್ಪ ಒತ್ತಿ ಗಾಡಿ ಹಿಂದ ಹೋಗಧಂಗ ಹಿಡೀತಿದ್ದೆ. ಎಎಂಟಿ ಕ್ಲಚ್ಚಿಗೆ ಅದ ವಿಷ. ಬ್ರೇಕ್ ಒತ್ತಿ ನಿಂದ್ರಬೇಕು, ಹ್ಯಾಂಡ್‌ಬ್ರೇಕ್ ಹಾಕಬೇಕು. ಗಾಡಿ ಮಾರುವಾಗ ಬಣ್ಣ, ಸೀಟು, ಹಾಡಿನ ಪೆಟ್ಟಿಗಿ ಬಗ್ಗೆ ಅರ್ಧ ತಾಸು ಹೇಳಿದವ್ರು ಈ ಒಂದು ಮಾತ ಹೇಳಲಿಲ್ಲ.

ಬದಲಿ ಮಾಡೂದ ತಪ್ಪು ಅಂತ ನಾ ಅನ್ನೂದಿಲ್ಲ. ನಮ್ಮ ಓಣ್ಯಾಗಿನ ಅಕ್ಕನ ಗಾಡಿ ಸಿವಿಟಿ. ಎಣ್ಣಿ ತಗದು ನೋಡಿದ್ರ ಲೋಹದ ಚೂರು, ಬೆಲ್ಟು ಜಾರಿ ಪುಲ್ಲಿ ಗೀರಿತ್ತು. ಅಲ್ಲಿ ಬರೇ ಎಣ್ಣಿ ಬದಲಿ ಮಾಡಿದ್ರ ಕ್ಯಾನ್ಸರಿಗೆ ಅಮೃತಾಂಜನ ಹಚ್ಚಿದಂಗ. ಅವ್ರು ರಿಪೇರಿ ಮಾಡಿದ ಹಳೇ ಗೇರ್‌ಬಾಕ್ಸ್ ವಾರಂಟಿ ಬರಿಸಿಕೊಂಡು ಹಾಕಿಸಿದ್ರು. ಅವರದು ಸರಿ, ಯಾಕಂದ್ರ ಬಿಚ್ಚಿ ನೋಡಿ, ಕಂಡು ನಿರ್ಧಾರ ಮಾಡಿದ್ರು.

"ಹಳೇ ಗಾಡಿಗೆ ರೊಕ್ಕ ಹಾಕೂದು ತೂತಿನ ಕೊಡಕ್ಕ ನೀರ ಹಾಕಿದಂಗ" ಅಂತಾರಲ್ಲಾ, ಅವರಿಗೆ ನನ್ನ ಲೆಕ್ಕ ಇಷ್ಟ. ಕೆಟ್ಟ ಗಾಡಿ ಮಾರಿದ್ರ ಬರೂದು ಚೂರು ರೊಕ್ಕ, ಹೊಸಾದಕ್ಕ ವರ್ಷಾನುಗಟ್ಲೆ ಕಂತು. ರಿಪೇರಿ ಖರ್ಚನ್ನ ಇನ್ನೂ ಎಷ್ಟು ವರ್ಷ ಓಡತೈತಿ ಅನ್ನೂದರಿಂದ ಭಾಗಿಸ್ರಿ, ಕಂತಿನ ಬಾಜೂಕ ಇಟ್ಟು ನೋಡ್ರಿ. ತುಕ್ಕು ಹಿಡದು, ಎಂಜಿನ್ನೂ ಹೋಗಿದ್ರ ಮಾರ್ರಿ. ಇಲ್ಲಂದ್ರ ಸುಮ್ನ ಅಂಜಿ ಮಾರಬ್ಯಾಡ್ರಿ.

ಮತ್ತ ಕೌಂಟರಿನ ಮುಂದ ನಿಂತಾಗ ಬಾಯಿ ಬಿಟ್ಟು ಕೇಳ್ರಿ. ಯಾವ ಭಾಗ ಕೆಟ್ಟೈತಿ, ಬರದು ಕೊಡ್ರಿ. ಎಲ್ಲಾ ಕೋಡಿನ ಪ್ರಿಂಟ್ ಕೊಡ್ರಿ. ಬಿಚ್ಚಿದಾಗ ಕರೀರಿ. ಹಳೇ ಸಾಮಾನು ನನ್ನ ಡಿಕ್ಕ್ಯಾಗ ಹಾಕ್ರಿ. ಬಿಲ್ ಇಲ್ಲದ ರೊಕ್ಕ ಕೊಡಬ್ಯಾಡ್ರಿ. ಮೋಸ ಆದ್ರ 1915ಕ್ಕ ಫೋನ್ ಮಾಡ್ರಿ, ಅದು ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗಕ್ಕ ವಕೀಲ ಇಲ್ಲದನೂ ದೂರು ಕೊಡಬಹುದು, ಆದ್ರ ಎರಡು ವರ್ಷದೊಳಗ ಕೊಡಬೇಕು.

ಕಾಯಿಪಲ್ಲೆ ಸಂತ್ಯಾಗ ಎರಡು ರೂಪಾಯಿಗೆ ಜಗಳ ಆಡೋ ನಾವು, ಲಕ್ಷದ ಮುಂದ ಯಾಕ ತಲಿ ತಗ್ಗಸ್ತೇವಿ? ಇಂಗ್ಲಿಷ್ ಹೆಸರ ಕೇಳಿ ಅಂಜತೇವಿ, ಅಷ್ಟ.

ನಿನ್ನೆ ಡಯಾಲಿಸಿಸ್ ಮುಗಿಸಿ ಬರುವಾಗ ನವಲೂರ ಸೇತುವಿ ಹತ್ತಿದ್ವಿ. ಅತ್ತಿ ಹಿಂದ ನಿದ್ದಿ ಹತ್ತಿ ಮಲಗಿದ್ರು. ಎಬ್ಬಿಸೋ ಸಪ್ಪಳ ಏನೂ ಆಗಲಿಲ್ಲ. ಹಳೇ ಕ್ಲಚ್ ಪ್ಲೇಟು ನಮ್ಮ ಹಿತ್ತಲ ಕಟ್ಟಿ ಮ್ಯಾಲೆ ಇಟ್ಟೇನಿ. ನೋಡೂದಿದ್ರ ಬರ್ರಿ, ಚಾ ಮಾಡ್ತೇನಿ.