ತಮಟೆ ಫ್ರೀಡಂ ಪಾರ್ಕಿನಿಂದ ಹೊರಗೆ ಬರಲಿ

ಇದನ್ನ ಬರೀಬೇಕೋ ಬೇಡ್ವೋ ಅಂತ ನಾಲ್ಕು ದಿನ ಯೋಚನೆ ಮಾಡಿದೆ. ನಮ್ಮವರಿಗೇ ಬೇಜಾರಾಗಬಹುದು. ಆಗಲಿ.

ಹೋದ ವಾರ ನಮ್ಮ ತಂಡ ಒಂದು ಹೋಬಳಿ ಊರಿನ ಬಸ್ ಸ್ಟ್ಯಾಂಡಿನಲ್ಲಿ ಬೀದಿ ನಾಟಕ ಮಾಡಿತು. ಊರಿನ ಹೆಸರು ಹೇಳಲ್ಲ, ನಮ್ಮ ಹುಡುಗರು ನಾಳೆಯೂ ಅಲ್ಲೇ ಬದುಕಬೇಕು. ಏಳು ಜನ, ಎರಡು ತಮಟೆ, ಒಂದು ಬಿಳಿ ಪಂಚೆ. ಇಷ್ಟೇ ನಮ್ಮ ಸರಂಜಾಮು. ನಾಟಕಕ್ಕೆ ಆಧಾರ ನಿಜವಾಗಿ ನಡೆದ ಘಟನೆ. 2016ರ ಜೂನ್‌ನಲ್ಲಿ ಕಾಶ್ಮೀರದ ಪಾಂಪೋರ್‌ನಲ್ಲಿ ಸಿಆರ್‌ಪಿಎಫ್ ಬಸ್ಸಿನ ಮೇಲೆ ದಾಳಿ ಆಯ್ತಲ್ಲ, ಅದರಲ್ಲಿ ಸತ್ತವರಲ್ಲಿ ಉತ್ತರ ಪ್ರದೇಶದ ವೀರ್ ಸಿಂಗ್ ಒಬ್ಬರು. ನಟ್ ಜಾತಿಯವರು. ಬಾವುಟ ಹೊದಿಸಿದ ಹೆಣ ಊರಿಗೆ ಬಂದಾಗ ಮೇಲ್ಜಾತಿಯವರು ಅವರನ್ನ ಸುಡೋಕೆ ಸರ್ಕಾರಿ ಜಾಗ ಕೊಡಲ್ಲ ಅಂತ ನಿಂತರು. ಕೊನೆಗೆ ಅಧಿಕಾರಿಗಳು ಬಂದು ಮಾತಾಡಿ ಒಪ್ಪಿಸಬೇಕಾಯ್ತು. ದೇಶಕ್ಕೆ ಪ್ರಾಣ ಕೊಟ್ಟವನಿಗೆ ಸ್ವಂತ ಊರಲ್ಲಿ ಬೂದಿಯಾಗೋಕೂ ಅಪ್ಪಣೆ ಬೇಕು.

ನಾವು ಬಾವುಟ ಬಳಸಲಿಲ್ಲ. ಬಳಸಿದ್ರೆ ಅಪಮಾನ ಅಂತ ಕೇಸ್ ಜಡೀತಾರೆ, ಅಷ್ಟು ಬುದ್ಧಿ ಈ ಹತ್ತು ವರ್ಷದಲ್ಲಿ ಬಂದಿದೆ. ಹೆಣದ ಪಾತ್ರದ ಹುಡುಗನ ಮೇಲೆ ಬಿಳಿ ಪಂಚೆ ಹೊದಿಸಿದ್ವಿ. ನಾಟಕ ಅರ್ಧಕ್ಕೆ ಬಂದಿತ್ತು, ಟೀ ಅಂಗಡಿ ಕಡೆಯಿಂದ ಒಬ್ಬ ಎದ್ದು ಬಂದ. ‘ಏಯ್, ನಿಲ್ಸಿ. ಮೊದ್ಲು ಭಾರತ್ ಮಾತಾ ಕೀ ಜೈ ಅನ್ನಿ, ಆಮೇಲೆ ನಿಮ್ಮ ನಾಟ್ಕ.’

ನನಗೆ ಕೈಕಾಲು ತಣ್ಣಗಾಯ್ತು, ಸುಳ್ಳು ಹೇಳಲ್ಲ. ಜೊತೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ತಮಟೆ ನಿಂತುಹೋಯ್ತು. ಆಗ ಹೆಣದ ಪಾತ್ರದ ಹುಡುಗ ಪಂಚೆ ಸರಿಸಿ ಎದ್ದು ಕೂತ. ‘ಅಣ್ಣಾ, ನಾನು ಅದನ್ನ ಹೇಳ್ತಾನೇ ಸತ್ತಿದ್ದು. ಈಗ ಎಲ್ಲಿ ಸುಡೋದು ಅಂತ ನೀವು ಒಂದು ಜಾಗ ತೋರಿಸಿ, ಮಲಗ್ತೀನಿ’ ಅಂದ. ಬರೆದಿಟ್ಟ ಮಾತಲ್ಲ ಅದು. ಜನ ನಕ್ಕರು. ಸೊಪ್ಪು ಮಾರ್ತಾ ಕೂತಿದ್ದ ಒಬ್ಬ ಅಜ್ಜಿ ಮಾತ್ರ ನಗಲಿಲ್ಲ. ‘ನಮ್ ಕೇರಿಗೂ ಮಸಣದ ದಾರಿ ಇಲ್ಲ ಕಣಪ್ಪಾ, ಹೋದ್ ವರ್ಸ ಮಳೇಲಿ ಹೆಣ ಹೊತ್ಕೊಂಡು ಗದ್ದೆ ಬದೂನ್ ಮೇಲೆ ಹೋದ್ರು’ ಅಂತ ಜೋರಾಗೇ ಹೇಳಿದಳು. ಆ ಮನುಷ್ಯ ಇನ್ನೇನೋ ಗೊಣಗಿಕೊಂಡು ವಾಪಸ್ ಹೋಗಿ ಕೂತ. ಹೋಗಲಿಲ್ಲ ಅನ್ನೋದು ಮುಖ್ಯ, ಕೂತ. ಕೊನೆವರೆಗೂ ನೋಡಿದ.

ಮುಗಿದ ಮೇಲೆ ಅದೇ ಅಂಗಡಿಯಲ್ಲಿ ಟೀ ಕುಡಿದ್ವಿ. ಅವನ ಕೈಯಲ್ಲಿ ಸ್ಟೀಲ್ ಲೋಟ. ನಮಗೆ ಏಳು ಜನಕ್ಕೂ ಪೇಪರ್ ಲೋಟ. ಹಿಂದೆ ನಮ್ಮ ಅಪ್ಪಂದಿರಿಗೆ ಅಂಗಡಿ ಹೊರಗೆ ಸೂರಿನಲ್ಲಿ ಸಿಗಿಸಿಟ್ಟ ತೆಂಗಿನ ಚಿಪ್ಪು ಇರ್ತಿತ್ತು, ಆಮೇಲೆ ಬೇರೆ ಗಾಜಿನ ಲೋಟ ಬಂತು, ಈಗ ಕುಡಿದು ಬಿಸಾಕೋದು. ತೊಳೆಯೋ ತೊಂದರೆ ಇಲ್ಲ, ಕೇಸು ಹಾಕೋಕೆ ಸಾಕ್ಷಿಯೂ ಇಲ್ಲ. ಕೇಳಿದ್ರೆ ‘ಕ್ಲೀನ್ ಸಾರ್, ನಿಮಗೋಸ್ಕರವೇ’ ಅಂತಾರೆ.

ಈಗ ನನ್ನ ತಕರಾರು. ಇಂಥಾ ಒಂದು ಸಂಜೆ ನಮಗೆ ಈಚೆಗೆ ಸಿಕ್ತಾನೇ ಇಲ್ಲ. ಯಾಕಂದ್ರೆ ನಮ್ಮ ಹಾಡು, ನಾಟಕ, ಪೋಸ್ಟರ್ ಎಲ್ಲಾ ಬೆಂಗಳೂರಿನ ಫ್ರೀಡಂ ಪಾರ್ಕಿನ ಗೋಡೆ ಒಳಗೆ ಸೇರಿಕೊಂಡಿವೆ. ಮೊದಲು ಟೌನ್‌ಹಾಲ್ ಮೆಟ್ಟಿಲ ಮೇಲೆ ನಿಂತು ಹಾಡ್ತಿದ್ವಿ. ಬಸ್ಸಲ್ಲಿ ಹೋಗೋನು ಕಿಟಕಿಯಿಂದ ತಲೆ ಹಾಕಿ ಬೈದಾದ್ರೂ ಹೋಗ್ತಿದ್ದ. 2021ರ ಆದೇಶ ಬಂದ ಮೇಲೆ ನಗರದಲ್ಲಿ ಪ್ರತಿಭಟನೆ ಅಂದ್ರೆ ಫ್ರೀಡಂ ಪಾರ್ಕ್ ಒಂದೇ. ಅದು ಹಳೇ ಸೆಂಟ್ರಲ್ ಜೈಲು, ತುರ್ತು ಪರಿಸ್ಥಿತಿಯಲ್ಲಿ ದೊಡ್ಡ ದೊಡ್ಡ ನಾಯಕರನ್ನ ಕೂಡಿಹಾಕಿದ್ದ ಜಾಗ. ಪ್ರತಿಭಟನೆ ಮಾಡೋರನ್ನ ಈಗ ಕರ್ಕೊಂಡೋಗಿ ಜೈಲಿಗೆ ಹಾಕೋದೇ ಬೇಡ, ನಾವೇ ಅನುಮತಿ ಪತ್ರ ಹಿಡಿದು ಒಳಗೆ ಹೋಗ್ತೀವಿ!

ಆದೇಶದ ವಿರುದ್ಧ ಮಾತಾಡಬೇಕು, ಮಾತಾಡ್ತಾ ಇದ್ದೀವಿ. ಆದರೆ ನಮಗೂ ಅಲ್ಲಿ ಹಾಯಾಗಿದೆ, ಅದನ್ನ ಒಪ್ಪಿಕೊಳ್ಳೋಣ. ಒಳಗೆ ಎಲ್ಲರೂ ನಮ್ಮವರೇ. ಹಾಡು ಶುರುವಾಗೋ ಮೊದಲೇ ಚಪ್ಪಾಳೆ. ಪೋಸ್ಟರುಗಳಲ್ಲಿ ಅರ್ಧಕ್ಕರ್ಧ ಇಂಗ್ಲಿಷು, ಫೋಟೋ ಚೆನ್ನಾಗಿ ಬರುತ್ತೆ. ಬೀದಿ ನಾಟಕ ಅಂತ ಹೆಸರಿಟ್ಕೊಂಡು ಬೀದಿಯಲ್ಲಿ ಹೋಗೋ ಒಬ್ಬ ಅಪರಿಚಿತನೂ ನೋಡದಿದ್ರೆ ಅದು ಬೀದಿ ನಾಟಕ ಹೇಗಾಗುತ್ತೆ? 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನ ಸುಟ್ಟು ಕೊಂದದ್ದರ ಬಗ್ಗೆ ‘ಸಮುದಾಯ’ದವರು ‘ಬೆಲ್ಚಿ’ ನಾಟಕವನ್ನ ಊರೂರಿಗೆ ಹೊತ್ತೊಯ್ದರು. ನೋಡಿದವರೆಲ್ಲ ಒಪ್ಪಿದರು ಅಂತಲ್ಲ. ಆದರೆ ನಮ್ಮ ಮಾತು ಒಪ್ಪದವನ ಕಿವಿಗೂ ಬಿತ್ತು.

ಹೊರಗೆ ಹೋದ್ರೆ ಏನಾಗುತ್ತೆ ಅನ್ನೋದು ಗೊತ್ತಿಲ್ಲದೆ ಇದನ್ನ ಬರೀತಿಲ್ಲ. 2015ರಲ್ಲಿ ದಾವಣಗೆರೆಯಲ್ಲಿ ಹುಚ್ಚಂಗಿ ಪ್ರಸಾದ್ ಅನ್ನೋ ನಮ್ಮ ಹುಡುಗ ಜಾತಿ ಬಗ್ಗೆ ಪುಸ್ತಕ ಬರೆದ ಅಂತ ಹಾಸ್ಟೆಲ್ಲಿಂದ ಕರೆಸಿ ಹೊಡೆದು, ಮುಖಕ್ಕೆ ಕುಂಕುಮ ಬಳಿದು, ಬೆರಳು ಕತ್ತರಿಸ್ತೀವಿ ಅಂದರು. 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದಲ್ಲಿ, ಅದೂ ಸರ್ಕಾರದ್ದೇ ಕವಿಗೋಷ್ಠಿಯಲ್ಲಿ, ಸಿರಾಜ್ ಬಿಸರಳ್ಳಿ ದಾಖಲೆ ಕೇಳೋರನ್ನೇ ತಿರುಗಿ ಕೇಳೋ ಒಂದು ಕವಿತೆ ಓದಿದರು, ಕೇಸ್ ಬಿತ್ತು. ಅದೇ ತಿಂಗಳು ಬೀದರ್‌ನ ಶಾಲೆಯೊಂದರ ಮಕ್ಕಳು ಪೌರತ್ವ ಕಾಯ್ದೆ ಬಗ್ಗೆ ನಾಟಕ ಆಡಿದರು. ಪ್ರೈಮರಿ ಮಕ್ಕಳು. ರಾಜದ್ರೋಹ! ಒಬ್ಬ ಶಿಕ್ಷಕಿ, ಒಬ್ಬ ಮಗುವಿನ ತಾಯಿ ಜೈಲಿಗೆ ಹೋದರು, ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನ ವಿಚಾರಣೆ ಮಾಡಿದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿದ್ದ ಕೇಸನ್ನ ರದ್ದು ಮಾಡಿತು. ಮೂರು ವರ್ಷ ಕಳೆದಿತ್ತು. ನಾಟಕ ಆಡಿದ ಆ ಮಕ್ಕಳು ಅಷ್ಟೊತ್ತಿಗೆ ಹೈಸ್ಕೂಲಿನ ವಯಸ್ಸಿಗೆ ಬಂದಿದ್ದರು.

ಗಮನಿಸಿ ನೋಡಿ, ಇವರೆಲ್ಲ ಯಾರು? ದಲಿತ, ಮುಸ್ಲಿಂ. ಗ್ಯಾಲರಿಯಲ್ಲಿ ಅದೇ ವಿಷಯ ಬರೆದವರ ಚಿತ್ರದ ಮುಂದೆ ವೈನ್ ಲೋಟ ಹಿಡಿದು ನಿಂತು ಮಾತಾಡ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಲೆಕ್ಕ ಮಾತ್ರ ಗೊತ್ತಿರಲಿ.

ಸಫ್ದರ್ ಹಾಶ್ಮಿ ಹೆಸರು ನಮಗೆಲ್ಲ ಬಾಯಿಪಾಠ. 1989ರ ಜನವರಿ 1ಕ್ಕೆ ಸಾಹಿಬಾಬಾದಿನ ಝಂಡಾಪುರದಲ್ಲಿ ನಾಟಕ ಆಡ್ತಿದ್ದಾಗಲೇ ಹೊಡೆದರು, ಮಾರನೇ ದಿನ ಸತ್ತರು. ಜನವರಿ 4ಕ್ಕೆ ಅವರ ಸಂಗಾತಿ ಮಲಯಶ್ರೀ ತಂಡದ ಜೊತೆ ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತ ನಾಟಕ ಮುಗಿಸಿದರು. ಅವತ್ತಿನ ದಾಳಿಯಲ್ಲಿ ರಾಮ್ ಬಹದ್ದೂರ್ ಅನ್ನೋ ಒಬ್ಬ ಕಾರ್ಮಿಕನೂ ಸತ್ತ. ನಾಟಕದವನಲ್ಲ, ಕೂಲಿಯವನು. ಪ್ರತಿ ಜನವರಿಯಲ್ಲಿ ನಮ್ಮ ಪೋಸ್ಟರಿನಲ್ಲಿ ಅವನ ಹೆಸರು ಎಲ್ಲಿರುತ್ತೆ, ಹುಡುಕಿ ನೋಡಿ.

ತಮಟೆ ವಿಷಯಕ್ಕೂ ಬರಬೇಕು, ಇಲ್ಲದಿದ್ರೆ ಕಾಮೆಂಟಿನಲ್ಲಿ ನಮ್ಮ ಹಿರಿಯರೇ ಕೇಳ್ತಾರೆ. ನಮ್ಮಪ್ಪ ತಮಟೆ ಬಿಟ್ಟವರು. ಊರ ಹಬ್ಬಕ್ಕೆ, ಸಾವಿಗೆ, ಟಾಂಟಾಂ ಸಾರೋಕೆ ಬಿಟ್ಟಿ ಬಡೀಬೇಕಿತ್ತು. ದಲಿತ ಸಂಘರ್ಷ ಸಮಿತಿಯವರು ಕೇರಿಗೆ ಬಂದು ಸಭೆ ಮಾಡಿದ ವರ್ಷ ಅಪ್ಪ ‘ಇನ್ಮೇಲೆ ಬಡಿಯಲ್ಲ’ ಅಂದರು, ಊರಿನವರು ಕೂಲಿಗೆ ಕರೆಯೋದು ನಿಲ್ಲಿಸಿದರು. ಆ ವರ್ಷ ಮನೆಯಲ್ಲಿ ಉಪವಾಸ. ಮೂವತ್ತು ವರ್ಷ ಆದ್ಮೇಲೆ ಮಗ ಅದೇ ತಮಟೆ ಹೆಗಲಿಗೆ ಹಾಕ್ಕೊಂಡು ಬಂದಾಗ ಅವರು ನನ್ನ ಜೊತೆ ಮಾತು ಬಿಟ್ಟರು. ‘ನಾನು ಇಳಿಸಿದ್ದನ್ನ ನೀನು ಹೊತ್ಕೊಂಡೆಯಲ್ಲೋ.’ ಇವತ್ತಿಗೂ ನನ್ನತ್ರ ಪೂರ್ತಿ ಉತ್ತರ ಇಲ್ಲ. ಮೆರವಣಿಗೆಯ ಮುಂದೆ ಬಡಿಯೋಕೆ, ಗಣ್ಯರು ದೀಪ ಹಚ್ಚುವಾಗ ಬಡಿಯೋಕೆ ನನ್ನನ್ನ ಪ್ರಗತಿಪರರೇ ಕರೆದು, ವೇದಿಕೆ ಕೆಳಗೆ ನಿಲ್ಲಿಸಿ, ಭತ್ಯೆಗೆ ಮೂರು ತಿಂಗಳು ಓಡಾಡಿಸಿದಾಗ ಅಪ್ಪನೇ ಸರಿ ಅನ್ನಿಸಿದ್ದಿದೆ. ಬಸ್ ಸ್ಟ್ಯಾಂಡಿನಲ್ಲಿ ತಮಟೆ ಸದ್ದಿಗೆ ಮೇಲ್ಕೇರಿಯವರು ಯಾರು ಸತ್ತರು ಅಂತ ಹೊರಗೆ ಬಂದು, ನಾಟಕ ನೋಡ್ತಾ ನಿಂತಾಗ ಹಾಗನ್ನಿಸಲ್ಲ. ಯಾರೂ ಹೇಳದೆ, ನಾವಾಗೇ, ನಮಗೆ ಬೇಕಾದಲ್ಲಿ ಬಡಿದದ್ದು ಅದು.

ಇನ್ನೊಂದು ನೆನಪಾಯ್ತು. 2019ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲಲಿಲ್ಲ ಅಂತ ಕೆಲವರನ್ನ ಸುತ್ತುವರಿದು ಪಾಕಿಸ್ತಾನದವರಾ ಅಂತ ಕೂಗಾಡಿ ವಿಡಿಯೋ ಮಾಡಿದ್ರಲ್ಲ. ಅವತ್ತು ಅಲ್ಲಿ ಓಡ್ತಿದ್ದ ಸಿನಿಮಾ ಯಾವುದು ಗೊತ್ತಾ? ‘ಅಸುರನ್’. ಭೂಮಿಗಾಗಿ, ಕಾಲಿಗೆ ಚಪ್ಪಲಿ ಹಾಕಿ ನಡೆಯೋ ಹಕ್ಕಿಗಾಗಿ ರಕ್ತ ಹರಿಸೋ ನಮ್ಮಂಥವರ ಕಥೆ. 52 ಸೆಕೆಂಡಿಗೆ ಅಷ್ಟು ಕೂಗಾಡಿದವರು ಆಮೇಲಿನ ಎರಡು ಗಂಟೆಯನ್ನ ಹೇಗೆ ನೋಡಿರಬಹುದು ಅಂತ ನನಗೆ ತುಂಬಾ ಸಲ ಕುತೂಹಲ ಆಗಿದೆ. ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲೇ ಥಿಯೇಟರಿನಲ್ಲಿ ರಾಷ್ಟ್ರಗೀತೆ ಹಾಕೋದು ಕಡ್ಡಾಯ ಅಲ್ಲ ಅಂದಿತ್ತು. ಕೋರ್ಟ್ ಬಿಟ್ಟರೂ ಪಕ್ಕದ ಸೀಟಿನವನು ಬಿಡಲ್ಲ.

ಆ ಪಕ್ಕದ ಸೀಟಿನವನು, ಸ್ಟೀಲ್ ಲೋಟದವನು ಫ್ರೀಡಂ ಪಾರ್ಕಿಗೆ ಬರಲ್ಲ. ನಾವೇ ಅವನಿರೋ ಕಡೆ ಹೋಗಬೇಕು. ಜಗಳ ಆಡೋಕಲ್ಲ, ಅವನು ಟೀ ಕುಡಿಯೋ ಹೊತ್ತಿಗೆ ಎದುರಿಗೆ ನಿಂತು ನಾಟಕ ಮಾಡೋಕೆ. ವಕೀಲರ ನಂಬರ್ ಜೇಬಿನಲ್ಲಿಟ್ಕೊಂಡೇ ಹೋಗೋಣ. ನಾಟಕಕ್ಕೆ ಮೊದಲು ಸಂವಿಧಾನದ ಪೀಠಿಕೆ ಓದೋಣ, ಅದನ್ನ ನಿಲ್ಸಿ ಅಂತ ಕ್ಯಾಮೆರಾ ಮುಂದೆ ಹೇಳೋಕೆ ಇನ್ನೂ ಯಾರಿಗೂ ಧೈರ್ಯ ಬಂದಿಲ್ಲ. ಕನ್ನಡದಲ್ಲಿ ಬರೆಯೋಣ. ವಿಡಿಯೋ ಮಾಡೋದು ನಮ್ಮ ರಕ್ಷಣೆಗೆ, ರೀಲ್ಸಿಗಲ್ಲ.

ಸೊಪ್ಪಿನ ಅಜ್ಜಿಯ ಕೇರಿಯ ಮಸಣದ ದಾರಿ ಬಗ್ಗೆ ತಹಶೀಲ್ದಾರರಿಗೆ ಅರ್ಜಿ ಬರೆದಾಗಿದೆ, ಸಹಿ ಆಗ್ತಾ ಇದೆ. ಬರೋ ಭಾನುವಾರ ಸಂಜೆ ನಾಲ್ಕಕ್ಕೆ ಅದೇ ಬಸ್ ಸ್ಟ್ಯಾಂಡಿನಲ್ಲಿ ಅದೇ ನಾಟಕ. ಬರೋರು ಇನ್‌ಬಾಕ್ಸಿಗೆ ಬನ್ನಿ, ಜಾಗ ಹೇಳ್ತೀನಿ. ಮಳೆಗಾಲ, ತಮಟೆ ಕಾಯಿಸೋಕೆ ಯಾರಾದ್ರೂ ಒಂದು ಹಿಡಿ ಒಣಹುಲ್ಲು ತನ್ನಿ. ಟೀ ಕುಡಿಯೋಕೆ ನಮ್ಮ ನಮ್ಮ ಸ್ಟೀಲ್ ಲೋಟ ನಾವೇ ತಗೊಂಡು ಹೋಗ್ತೀವಿ, ಅದಕ್ಕೆ ಟೀ ಹಾಕ್ತಾರಾ ನೋಡೋಣ.

ಜೈಭೀಮ್.