ಜ್ವರದ ನಿಮಿತ್ತ

ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನಾನು ಪುಸ್ತಕಗಳಿಗಿಂತ ಹೆಚ್ಚಾಗಿ ಓದಿದ್ದು ರಜಾಚೀಟಿಗಳನ್ನೇ ಇರಬೇಕು. ನೋಟುಪುಸ್ತಕದಿಂದ ಹರಿದ ಹಾಳೆ, ಕ್ಯಾಲೆಂಡರಿನ ಹಿಂಬದಿ, ಅಂಗಡಿಯ ರಸೀದಿಯ ಬೆನ್ನು. ಕಾಗದ ಯಾವುದೇ ಇರಲಿ, ಒಕ್ಕಣೆ ಮಾತ್ರ ಒಂದೇ. "ನನ್ನ ಮಗನಿಗೆ ಜ್ವರದ ನಿಮಿತ್ತ ಎರಡು ದಿವಸ ಶಾಲೆಗೆ ಬರಲು ಆಗಿರುವುದಿಲ್ಲ. ದಯಮಾಡಿ ಕ್ಷಮಿಸಬೇಕು." ಕೆಳಗೆ ತಂದೆಯ ಸಹಿ, ಇಲ್ಲವೇ ತಾಯಿಯ ಹೆಬ್ಬೆಟ್ಟು. ಅಷ್ಟೊಂದು ಜ್ವರ ನಿಜವಾಗಿಯೂ ಬಂದಿದ್ದರೆ ನಮ್ಮ ಸೀಮೆಯಲ್ಲಿ ಮಕ್ಕಳೇ ಉಳಿಯುತ್ತಿರಲಿಲ್ಲ.

ಈಗ ಈ ಮಾತು ಏಕೆ ಬಂತೆಂದರೆ, ಕೆಲವು ದಿನಗಳ ಹಿಂದೆ ನೆರೆಮನೆಯ ಹಿರಿಯರೊಬ್ಬರು ನಮ್ಮಲ್ಲಿಗೆ ಬಂದರು. ಅವರ ಮೊಮ್ಮಗ ಏಳನೆಯ ತರಗತಿ. ನೆಂಟರ ಊರಿನಲ್ಲಿ ದೇವಿಯ ಜಾತ್ರೆ; ಮನೆಯವರೆಲ್ಲ ಹೋಗಿ ನಾಲ್ಕು ದಿವಸ ಉಳಿಯುವ ಯೋಚನೆ. "ಮಾಸ್ತರೇ, ನೀವು ಬರೆದರೆ ಒಕ್ಕಣೆ ಚೆನ್ನಾಗಿರುತ್ತದೆ. ಜ್ವರ ಅಂತ ಒಂದು ಚೀಟಿ ಬರೆದುಕೊಡಿ" ಎಂದರು. ಹುಡುಗ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನು ಬರೆಯುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು. "ನಾಲ್ಕು ದಿವಸಕ್ಕೆ ಏನು ಮುಳುಗಿಹೋಗುತ್ತದೆ?" ಎಂದು ಕೇಳಿ, ಕಾಫಿಯನ್ನೂ ಕುಡಿಯದೆ ಎದ್ದುಹೋದರು. ನಿಂತ ನಿಲುವಿನಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಲೆಕ್ಕದ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳು. ತಿಂಗಳಿಗೆ ಎರಡೇ ದಿವಸ ತಪ್ಪಿಸಿದರೆ ಹತ್ತು ತಿಂಗಳಿಗೆ ಇಪ್ಪತ್ತು ದಿವಸ. ಮೂರು ವರ್ಷಕ್ಕೆ ಅರವತ್ತು. ಎಂದರೆ, ಕಾಲುವರ್ಷಕ್ಕೂ ಮಿಕ್ಕಿದ ಓದು ಯಾರಿಗೂ ತಿಳಿಯದಂತೆ ಸೋರಿಹೋಯಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಶೇಕಡಾ 75 ಹಾಜರಾತಿ ಬೇಕೆಂಬ ನಿಯಮವನ್ನು ನಮ್ಮ ಪಾಲಕರು, ಶೇಕಡಾ 25 ತಪ್ಪಿಸಲು ಕೊಟ್ಟ ಪರವಾನಗಿ ಎಂದು ಓದಿಕೊಂಡಿದ್ದಾರೆ. ಪಾಠವೆಂಬುದು ಬಾವಿಯ ಹಗ್ಗವಿದ್ದಂತೆ. ನಡುವೆ ಒಂದು ಗೇಣು ತುಂಡಾದರೂ ಕೊಡ ಮೇಲಕ್ಕೆ ಬರುವುದಿಲ್ಲ. ವರ್ಗ ಸಮೀಕರಣ ಆರಂಭಿಸಿದ ವಾರ ನೆಂಟರ ಮನೆಯಲ್ಲಿದ್ದ ಹುಡುಗ, ಮುಂದಿನ ವಾರ ತರಗತಿಯಲ್ಲಿ ಕುಳಿತಿದ್ದರೂ ನೆಂಟರ ಮನೆಯಲ್ಲಿ ಇದ್ದ ಹಾಗೆಯೇ. ಅವನಿಗೆ ತಿಳಿಯುವುದಿಲ್ಲ, ತಿಳಿಯದ್ದು ನಾಚಿಕೆಯಾಗುತ್ತದೆ, ನಾಚಿಕೆಯಾದವನಿಗೆ ಮಾರನೆಯ ದಿನ ನಿಜವಾಗಿಯೇ ಹೊಟ್ಟೆನೋವು ಬರುತ್ತದೆ. ಮನೆ ಆರಂಭಿಸಿದ ಗೈರುಹಾಜರಿಯನ್ನು ಮಗು ಮುಂದುವರಿಸುವುದು ಹೀಗೆ.

ಜಾತ್ರೆಗೆ ನಾನು ವಿರೋಧಿಯಲ್ಲ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ. ಎರಡೂ ಬರುವುದು ಪರೀಕ್ಷೆ ಹತ್ತಿರವಾಗುವ ಕಾಲದಲ್ಲಿಯೇ. ತೇರು ನೋಡದೆ ಬೆಳೆದ ಮಗು ನಮ್ಮ ಸೀಮೆಯ ಮಗುವೇ ಅಲ್ಲ. ನನ್ನ ತಕರಾರು ಜಾತ್ರೆಯ ಮೇಲಲ್ಲ, ಜ್ವರದ ಮೇಲೆ. ತಂದೆಯ ಕೈಯಿಂದಲೇ ಸುಳ್ಳು ಬರೆಸಿಕೊಂಡು ಬಂದ ಹುಡುಗನಿಗೆ ನಾವು ನೀತಿಪಾಠವನ್ನು ಯಾವ ಮುಖ ಹೊತ್ತು ಹೇಳುವುದು? ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸುಳ್ಳು ಜ್ವರದ ರಾಶಿಯಲ್ಲಿ ನಿಜವಾದ ಸಂಕಟ ಹೂತುಹೋಗುತ್ತದೆ. ಅದನ್ನು ನನ್ನ ತಪ್ಪಿನಿಂದಲೇ ಕಲಿತೆ.

ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತಿಂಗಳಿಗೆ ಮೂರು ದಿವಸ ತಪ್ಪದೆ ಜ್ವರ. ಒಂದು ದಿನ ಎಲ್ಲರೂ ಕೇಳುವಂತೆ, "ನಿನ್ನ ಜ್ವರಕ್ಕೆ ಪಂಚಾಂಗ ನೋಡಲು ಬರುತ್ತದೆಯಲ್ಲ!" ಎಂದು ಹಾಸ್ಯ ಮಾಡಿದೆ. ಹುಡುಗರು ನಕ್ಕರು. ಹುಡುಗಿಯರ ಸಾಲಿನಲ್ಲಿ ಒಬ್ಬರೂ ನಗಲಿಲ್ಲ. ಆಗಲೂ ಈ ಬಿ.ಎಡ್. ಪದವೀಧರನಿಗೆ ಹೊಳೆಯಲಿಲ್ಲ. ಮಧ್ಯಾಹ್ನ ನಮ್ಮ ಅಕ್ಕೋರೊಬ್ಬರು ಪಕ್ಕಕ್ಕೆ ಕರೆದು, "ಮಾಸ್ತರೇ, ಅದು ಜ್ವರವಲ್ಲ, ಹೆಣ್ಣುಮಕ್ಕಳ ತೊಂದರೆ" ಎಂದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ದಿನಗಳಲ್ಲಿ ಹುಡುಗಿಯರಿಗೆ ಇದ್ದ ಶೌಚಾಲಯ ಒಂದು. ಅದಕ್ಕೆ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಎಷ್ಟು ಹುಡುಗಿಯರು ಎಷ್ಟು ವರ್ಷ ಹೀಗೆ ಜ್ವರದಿಂದ ಮಲಗಿದರೋ! ಹಾಜರಿ ಪುಸ್ತಕವನ್ನು ತಿರುವಿ ನೋಡಿದ್ದರೆ ಪುಟಪುಟದಲ್ಲೂ ಕಾಣುತ್ತಿತ್ತು. ನಾನು ಅಡ್ಡಗೆರೆ ಎಳೆದೆನೇ ಹೊರತು ಓದಲಿಲ್ಲ. ಚಿಲಕ ಹಾಕಿಸಿದೆವು, ನೀರಿಗೆ ಡ್ರಮ್ಮು ಇರಿಸಿದೆವು. ಆದರೆ ಆ ಹುಡುಗಿ ಹತ್ತನೆಯ ತರಗತಿಗೆ ಬರಲಿಲ್ಲ. ಬೇಸಿಗೆಯಲ್ಲಿ ಮದುವೆ ಮಾಡಿದರೆಂದು ತಿಳಿಯಿತು.

ಆ ತಾಯಿ ನಿಜ ಬರೆದಿದ್ದರೆ ಚಿಲಕ ಒಂದು ವರ್ಷ ಮೊದಲೇ ಬರುತ್ತಿತ್ತು ಎಂದು ಹೇಳಬಹುದು. ಆದರೆ ಅವರನ್ನು ದೂರುವ ಹಕ್ಕು ನನಗಿಲ್ಲ. ಮುಟ್ಟಾದ ಮಗಳನ್ನು ಮನೆಯಲ್ಲೇ ಹೊರಗೆ ಕೂರಿಸುವ ಊರಿನಲ್ಲಿ, ಗಂಡಸು ಮಾಸ್ತರನಿಗೆ ಅದನ್ನು ಬರೆಯುವ ಧೈರ್ಯ ಯಾವ ತಾಯಿಗೆ ಬಂದೀತು? 2013-14ರಲ್ಲಿ ನಮ್ಮ ರಾಜ್ಯದಲ್ಲಿ ಶುಚಿ ಯೋಜನೆ ಬಂದು, ಶಾಲೆಯಲ್ಲಿಯೇ ಹುಡುಗಿಯರಿಗೆ ಪ್ಯಾಡು ಹಂಚಿದಾಗ ನಾನು ಆ ಹುಡುಗಿಯನ್ನೇ ನೆನೆದೆ. ಪ್ಯಾಡನ್ನು ಸರಕಾರ ಕೊಡಬಹುದು. ಅದರ ಮಾತನ್ನು ಮನೆಯಲ್ಲಿ ಬಾಯಿಬಿಟ್ಟು ಆಡುವುದು ಮಾತ್ರ ತಂದೆತಾಯಿಯ ಕೆಲಸ. ತಂದೆಯದೂ ಹೌದು ಎಂದು ಒತ್ತಿ ಹೇಳುತ್ತೇನೆ.

ಸರಕಾರ ಏನೂ ಮಾಡಲಿಲ್ಲವೆನ್ನುವವರ ಗುಂಪಿಗೆ ನಾನು ಸೇರಲಾರೆ. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ, ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಆರಂಭವಾಯಿತು. 2013ರಲ್ಲಿ ಕ್ಷೀರಭಾಗ್ಯ ಬಂತು. ಹಸಿದು ಬಂದ ಮಗು ಎರಡನೆಯ ಪೀರಿಯಡ್ಡಿಗೇ ತಲೆತಿರುಗಿ ಬೀಳುತ್ತಿದ್ದ ಕಾಲವನ್ನು ಕಂಡವನು ನಾನು. ಇವುಗಳ ಬೆಲೆ ಬಲ್ಲೆ. ಆದರೆ ಇವೆಲ್ಲ ಮಗುವನ್ನು ಕರೆಯುವುದು ಶಾಲೆಯ ಕಡೆಯಿಂದ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮನೆಯೊಳಗೆ ನಡೆಯುವುದಕ್ಕೆ ಯಾವ ಸರಕಾರದ ಯೋಜನೆಯೂ ಕೈಹಾಕಲಾರದು.

ಕಾಯ್ದೆಯನ್ನೇ ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ ಹತ್ತನೆಯ ಪ್ರಕರಣ, ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಸೇರಿಸುವುದು! ಹಾಜರಾತಿಯನ್ನು ನೋಡಿಕೊಳ್ಳುವ ಹೊಣೆಯನ್ನು ಅದೇ ಕಾಯ್ದೆ ಸರಕಾರದ ಮೇಲೆ ಹೊರಿಸಿದೆ. ನಮ್ಮ ಜನರೂ ಅಷ್ಟಕ್ಕೇ ನಿಂತಿದ್ದಾರೆ. ಜೂನ್ ತಿಂಗಳಿನಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಸಮವಸ್ತ್ರ ಹೊಲಿಸಿದರೆ ತಮ್ಮ ಪಾಲಿನದು ಮುಗಿಯಿತು. ಖಾಸಗಿ ಶಾಲೆಗೆ ಸಾವಿರಾರು ರೂಪಾಯಿ ಸುರಿದವರಲ್ಲಿ ಈ ಭಾವನೆ ಇನ್ನೂ ಬಲವಾಗಿದೆ. ಮನೆಯೇ ಮಗುವಿನ ಮೊದಲ ಶಾಲೆ ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ, ಆದರೆ ಅದನ್ನು ಬರೆಸಿರುವುದು ಶಾಲೆಯ ಗೋಡೆಯ ಮೇಲೆ. ಮನೆಯ ಗೋಡೆಯ ಮೇಲೆ ನಾನು ಎಲ್ಲಿಯೂ ಕಂಡಿಲ್ಲ.

ಇನ್ನೊಂದು ಬಗೆಯ ಪಾಲಕರಿದ್ದಾರೆ. ಇವರು ಮಗುವನ್ನು ಒಂದು ದಿನವೂ ತಪ್ಪಿಸುವುದಿಲ್ಲ, ಮಗುವನ್ನು ಒಂದು ದಿನವೂ ಕೇಳುವುದೂ ಇಲ್ಲ. ಒಬ್ಬ ತಂದೆ ಸೋಮವಾರ ಬೆಳಿಗ್ಗೆ ಎಂಟನೆಯ ತರಗತಿಯ ಮಗನನ್ನು ರಟ್ಟೆ ಹಿಡಿದು ಎಳೆದು ತಂದು, "ಚರ್ಮ ಸುಲಿದುಹಾಕಿ ಮಾಸ್ತರೇ, ನಾನೇನೂ ಕೇಳುವುದಿಲ್ಲ. ಶಾಲೆಯೆಂದರೆ ವಾಂತಿ ಮಾಡಿಕೊಳ್ಳುತ್ತಾನೆ" ಎಂದರು. ಹುಡುಗ ನಡುಗುತ್ತಿದ್ದ. ಬಿಡುವಿನ ವೇಳೆಯಲ್ಲಿ ತೋಟಕ್ಕೆ ನೀರು ಹಾಕುವ ನೆಪದಲ್ಲಿ ಜೊತೆಗೆ ಕರೆದುಕೊಂಡು ಹೋದೆ. ಮೂರು ದಿನ ಮಾತೇ ಇಲ್ಲ. ನಾಲ್ಕನೆಯ ದಿನ ಹೇಳಿದ. ಅವನಿಗೆ ಮಾತು ತೊದಲುತ್ತಿತ್ತು. ಬಸ್ಸಿಗೆ ಕಾಯುವಲ್ಲಿ ದೊಡ್ಡ ಹುಡುಗರು ಅವನಿಂದ ಊರುಗಳ ಹೆಸರು ಹೇಳಿಸಿ ನಗುತ್ತಿದ್ದರು. ತರಗತಿಯಲ್ಲಿ ಎದ್ದುನಿಂತು ಓದುವ ಪಾಳಿ ಬಂದರೆ ಅದೇ ನಗು. ಪಾಳಿ ಹಾಕುತ್ತಿದ್ದವನು ನಾನೇ. ಮನೆಯಲ್ಲಿ ಹೇಳಲಿಲ್ಲವೇ ಎಂದೆ. "ಅಪ್ಪ ಕೇಳಲಿಲ್ಲ" ಎಂದ.

ಅಪ್ಪ ಕೇಳಲಿಲ್ಲ. ಇಷ್ಟೇ ನೋಡಿ. ಆ ತಂದೆ ಕೆಟ್ಟವರಲ್ಲ. ಮಗನ ಓದಿಗಾಗಿ ಸಾಲ ಮಾಡಿದವರು. ಆದರೆ "ಏಕೆ ಹೋಗುವುದಿಲ್ಲ?" ಎಂಬ ಪ್ರಶ್ನೆಯನ್ನು ಅವರು ಬೈಗುಳವಾಗಿ ಬಳಸಿದರೇ ಹೊರತು ಪ್ರಶ್ನೆಯಾಗಿ ಕೇಳಲಿಲ್ಲ. ಮುಂದೆ ಹುಡುಗನ ಅಜ್ಜ ಹದಿನೈದು ದಿನ ಬೆಳಿಗ್ಗೆ ಬಸ್ಸಿನ ತನಕ ಜೊತೆಗೆ ಬಂದು ನಿಂತರು. ನಾನು ಓದುವ ಪಾಳಿಯನ್ನು ಬಿಟ್ಟು ಎಲ್ಲರೂ ಒಟ್ಟಿಗೆ ಓದುವ ಕ್ರಮ ತಂದೆ. ವಾಂತಿ ನಿಂತಿತು. ಔಷಧ ಬೇಕಾಗಲಿಲ್ಲ. ಎಲ್ಲ ಸಂಕಟವೂ ಹೀಗೆ ಸುಲಭವಾಗಿ ನೀಗುತ್ತದೆಂದು ನಾನು ಹೇಳುವುದಿಲ್ಲ. ಮಗು ತಿಂಗಳುಗಟ್ಟಲೆ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಈಗ ಮನಸ್ಸಿನ ತೊಂದರೆಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆಯಿದೆ. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ 1098 ಇದೆ. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಬೇಕಾದುದು, ಮಗು ಸುಳ್ಳು ಹೇಳುತ್ತಿಲ್ಲ ಎಂಬ ನಂಬಿಕೆ.

"ಮಾಸ್ತರೇ, ಇದೆಲ್ಲ ಉಂಡವರ ಮಾತು. ಬಡವರ ಮನೆಯಲ್ಲಿ ಮಗು ದುಡಿಯದಿದ್ದರೆ ಒಲೆ ಹೊತ್ತುವುದಿಲ್ಲ" ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಅದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ನಮ್ಮಲ್ಲಿ ಕೊನೆಕೊಯ್ಲಿನ ಕಾಲಕ್ಕೆ ತರಗತಿಯ ಹಿಂದಿನ ಎರಡು ಬೆಂಚು ಖಾಲಿಯಾಗುತ್ತಿದ್ದವು. ಅಡಿಕೆ ಸುಲಿಯುವುದು ಅಳತೆಯ ಲೆಕ್ಕದ ಕೂಲಿ. ತಾಯಿಯ ಪಕ್ಕದಲ್ಲಿ ಮಗಳೂ ಮೆಟ್ಟುಗತ್ತಿಯ ಮುಂದೆ ಕುಳಿತರೆ ಅಳತೆ ಬೇಗ ತುಂಬುತ್ತದೆ. ಆದರೆ ನನ್ನ ಅನುಭವ ಹೇಳುವುದೇ ಬೇರೆ. ಒಮ್ಮೆ ಒಬ್ಬ ಕೂಲಿಯ ಹೆಂಗಸು ಅರ್ಧ ದಿನದ ಕೂಲಿ ಬಿಟ್ಟು, ಎರಡು ಮೈಲಿ ನಡೆದು ಶಾಲೆಗೆ ಬಂದು, "ಮಗಳಿಗೆ ಜ್ವರವಿಲ್ಲ ಮಾಸ್ತರೇ. ಸಾಲ ಇದೆ, ಸುಲಿಯಲು ಕೂರಿಸಿದ್ದೇನೆ. ಏನು ಮಾಡಲಿ ಹೇಳಿ" ಎಂದಳು. ನಿಜ ಹೇಳಿದ ಕೂಡಲೇ ದಾರಿ ಕಂಡಿತು. ಅಡಿಕೆ ಮನೆಯ ಯಜಮಾನರೊಂದಿಗೆ ಮುಖ್ಯೋಪಾಧ್ಯಾಯರೇ ಮಾತನಾಡಿದರು. ಕೂಲಿಯನ್ನು ಸ್ವಲ್ಪ ಮುಂಗಡವಾಗಿ ಕೊಡಲು ಅವರು ಒಪ್ಪಿದರು. ಹುಡುಗಿ ಮಾರನೆಯ ದಿನವೇ ಬಂದಳು. ಸುಳ್ಳು ಜ್ವರದ ಚೀಟಿ ಬರೆಯುತ್ತಿದ್ದವರಲ್ಲಿ ಬಹುಪಾಲು ಜನ ಬಡವರಾಗಿರಲಿಲ್ಲ. ಗೃಹಪ್ರವೇಶ, ನಿಶ್ಚಿತಾರ್ಥ, ಪ್ರವಾಸ, ರಾತ್ರಿ ಹನ್ನೊಂದರವರೆಗೆ ಟೀವಿ. ಈಗ ಟೀವಿಯ ಜಾಗಕ್ಕೆ ಮೊಬೈಲು. ಬಡತನದ ಹೆಸರಿನಲ್ಲಿ ತಮ್ಮ ಅಸಡ್ಡೆಯನ್ನು ಮುಚ್ಚಿಕೊಳ್ಳುವವರು ಆ ತಾಯಿಯ ಮುಂದೆ ಒಮ್ಮೆ ನಿಂತು ನೋಡಲಿ.

ಹಾಗಾದರೆ ಮನೆ ಮಾಡಬೇಕಾದುದೇನು? ದೊಡ್ಡದೇನಲ್ಲ. ರಾತ್ರಿ ಊಟ ಒಟ್ಟಿಗೆ ಆಗಲಿ, ಆಗ ಎಲ್ಲರ ಮೊಬೈಲೂ, ಅಪ್ಪನದೂ ಸೇರಿ, ಒಳಕೋಣೆಯಲ್ಲಿರಲಿ. ಚೀಲವನ್ನು ಮಗು ರಾತ್ರಿಯೇ ಜೋಡಿಸಿಕೊಳ್ಳಲಿ. "ಎಷ್ಟು ಅಂಕ ಬಂತು?" ಎನ್ನುವ ಮೊದಲು "ಇವತ್ತು ಯಾರ ಜೊತೆ ಕುಳಿತಿದ್ದೆ? ಏನಾಯಿತು?" ಎಂದು ಕೇಳಿ. ಮಗು ಹೋಗುವುದಿಲ್ಲವೆಂದರೆ ಅಂದು ಬೈಯುವ ಮೊದಲು ಹತ್ತು ನಿಮಿಷ ಪಕ್ಕದಲ್ಲಿ ಕುಳಿತುಕೊಳ್ಳಿ. ದೂರು ಬಂದಾಗ ಮಾತ್ರವಲ್ಲ, ಸುಮ್ಮನೆಯೂ ವರ್ಷಕ್ಕೆರಡು ಸಲ ಶಾಲೆಗೆ ಹೋಗಿ ಮಾಸ್ತರರ, ಅಕ್ಕೋರ ಮುಖ ನೋಡಿ ಬನ್ನಿ. ರಜೆ ಬೇಕಾದರೆ ನಿಜವಾದ ಕಾರಣ ಬರೆಯಿರಿ. ಶಾಲೆಯವರಿಗೂ ಒಂದು ಮಾತು: ನಿಜ ಬರೆದವರನ್ನು ಬೈಯಬೇಡಿ. ನಿಜಕ್ಕೆ ಬೈಗುಳ, ಜ್ವರಕ್ಕೆ ಕ್ಷಮೆ ಎಂದು ಇಷ್ಟು ವರ್ಷ ಕಲಿಸಿದವರು ನಾವೇ ಅಲ್ಲವೇ?

ನೆರೆಮನೆಯ ಹಿರಿಯರು ಎರಡು ದಿನ ಬಿಟ್ಟು ಮತ್ತೆ ಬಂದರು. "ಜಾತ್ರೆ ಅಂತಲೇ ಬರೆಯಿರಿ ಮಾಸ್ತರೇ. ನಾಲ್ಕು ದಿವಸ ಬೇಡ, ಭಾನುವಾರದ ಜೊತೆಗೆ ಸೋಮವಾರ ಒಂದೇ ಸಾಕು" ಎಂದರು. ಬರೆಯಬೇಕಾದವನು ನಾನಲ್ಲ ಎಂದು ಮೊಮ್ಮಗನನ್ನೇ ಕೂರಿಸಿ ಬರೆಸಿದೆ. "ಜಾತ್ರೆಯ ನಿಮಿತ್ತ" ಎಂದು ಬರೆಯುವಾಗ ಅವನು ಒಮ್ಮೆ ತಲೆಯೆತ್ತಿ ಅಜ್ಜನನ್ನು ನೋಡಿದ. ಅಜ್ಜ ಸಹಿ ಹಾಕಿದರು. ಅವನ ಅಕ್ಕೋರು ರಜೆ ಕೊಟ್ಟರಂತೆ. ತೇರಿನ ಮೇಲೆ ಒಂದು ಪುಟ ಪ್ರಬಂಧ ಬರೆದುಕೊಂಡು ಬಾ ಎಂದೂ ಹೇಳಿದರಂತೆ. ನಿನ್ನೆ ಸಂಜೆ ಆ ಪ್ರಬಂಧವನ್ನು ತಂದು ನನಗೆ ಓದಿ ಹೇಳಿದ. ಕಾಗುಣಿತದ ತಪ್ಪು ಐದಾರಿದ್ದವು, ತಿದ್ದಿಕೊಟ್ಟೆ. ಸುಳ್ಳು ಒಂದೂ ಇರಲಿಲ್ಲ.